ಜರಡಿಯಲ್ಲಿ ಸಿಕ್ಕಿಕೊಂಡ ‘ರ‍್ಯಾಂಕ್’

ಮೊದಲ ವಾರ

ದೀಪಾವಳಿ ರಜೆಯಲ್ಲಿ ಶುರು ಮಾಡಿದ ಪದ ಹುಡುಕುವ ಟೂಲು ಈಗ ಒಂದು ಹದಕ್ಕೆ ಬಂದಿದೆ. ಕೆಲಸ ಸರಳ. ಟೈಪ್ ಮಾಡಿಟ್ಟ ಹಳೆಯ ಕನ್ನಡ ಲೇಖನಗಳ ರಾಶಿ ಕೊಟ್ಟರೆ, ಕೇಳಿದ ಪದ ಎಲ್ಲೆಲ್ಲಿದೆ ಅಂತ ಸಾಲು ನಂಬರ್ ಸಮೇತ ತೋರಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇನೆ. ಕೋಡು ಎಲ್ಲರಿಗೂ ಮುಕ್ತ. ಬಳಸುವವರು ಬೆರಳೆಣಿಕೆಯಷ್ಟು ಜನ. ಆದರೂ ಈಚೆಗೆ ಕೋಡ್ ಬರೆದಿದ್ದಕ್ಕಿಂತ ಕಸ ಗುಡಿಸಿದ್ದೇ ಜಾಸ್ತಿ.

ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಕೂತರೆ ಹೊಸ ಇಶ್ಯೂ (ಬಳಸುವವರು ತೊಂದರೆ ಬರೆದು ತಿಳಿಸುವ ಟಿಪ್ಪಣಿ) ಏಳು! ಖುಷಿಯಾಗಿ ತೆರೆದೆ. ಆರು ಯಾವುದೋ ವಿಮಾನ ಕಂಪನಿಯ ‘ಕಸ್ಟಮರ್ ಕೇರ್’ ನಂಬರು. ಆ ನಂಬರಿಗೆ ಫೋನ್ ಮಾಡಿದರೆ ಎತ್ತುವವನು ಕಂಪನಿಯವನಲ್ಲ, ದುಡ್ಡು ಹೊಡೆಯುವವನು. ನನ್ನ ಇಶ್ಯೂ ಪಟ್ಟಿ ಅವರಿಗೆ ಬರೀ ಒಂದು ಗೋಡೆ. ಇಲ್ಲಿ ಅಂಟಿಸಿದ್ದು ಸರ್ಚ್‌ನಲ್ಲಿ ಮೇಲೆ ಬಂದರೆ ಸಾಕು. ಕಸ ಸೋಸುವ ಯಾವ ಜರಡಿಗೂ ಸಿಗಬಾರದು ಅಂತ ಅಂಕಿಗಳ ಮಧ್ಯೆ ಎಮೋಜಿ, ದಪ್ಪಗೆ ಕಾಣುವ ಗಣಿತದ ಅಂಕಿ, ಕಣ್ಣಿಗೇ ಕಾಣದ ಝೀರೋ ವಿಡ್ತ್ ಅಕ್ಷರ, ಎಲ್ಲ ತುರುಕಿರುತ್ತಾರೆ.

ಶನಿವಾರ ಕೂತು ನಾನೂ ಒಂದು ಜರಡಿ ಕಟ್ಟಿದೆ. ಇಶ್ಯೂ ಬಂದ ಕೂಡಲೇ ಒಂದು ಸ್ಕ್ರಿಪ್ಟ್ ಓಡುತ್ತದೆ, ಅಂಕ ಕೊಡುತ್ತದೆ. ಹೊಚ್ಚ ಹೊಸ ಖಾತೆಗೆ 1. ಹೊರಗಿನ ಲಿಂಕಿಗೆ 2. ಫೋನ್ ನಂಬರಿನ ಹಾಗೆ ಹತ್ತೋ ಹೆಚ್ಚೋ ಅಂಕಿ ಸಾಲಾಗಿ ಬಂದರೆ 3. ಕಾಣದ ಅಕ್ಷರಕ್ಕೆ 5. ಒಟ್ಟು 5 ಮುಟ್ಟಿದರೆ ಇಶ್ಯೂ ತಾನಾಗಿ ಮುಚ್ಚಿ ಬೀಗ ಬೀಳುತ್ತದೆ. ಕಾಣದ ಅಕ್ಷರಕ್ಕೆ ಪೂರ್ತಿ ಐದು ಕೊಟ್ಟಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದ್ದೆ. ಸುಮ್ನೆ ಬಗ್, ಅಂದ್ರೆ ಕೋಡಿನ ತಪ್ಪು, ಹೇಳೋಕೆ ಬಂದವರು ಝೀರೋ ವಿಡ್ತ್ ಅಕ್ಷರ ಯಾಕೆ ಟೈಪ್ ಮಾಡ್ತಾರೆ, ಅಲ್ವಾ?

ಎರಡನೇ ವಾರ

ಪಟ್ಟಿ ಶಾಂತ. ಜರಡಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಬೀಗಿದೆ.

ಒಂದು ಮಾತ್ರ ನುಸುಳಿತ್ತು. ಇನ್‌ಸ್ಟಾಲ್ ಆಗುತ್ತಿಲ್ಲ ಅಂತ ಒಬ್ಬ ಹುಡುಗಿ ಬರೆದಿದ್ದರು. ಹತ್ತು ನಿಮಿಷದಲ್ಲಿ ಕೆಳಗೊಂದು ಉತ್ತರ: ‘ಈ ಝಿಪ್ ಇಳಿಸಿಕೊಂಡು ಓಡಿಸಿ, ಸರಿಹೋಗುತ್ತದೆ’. ಜೊತೆಗೆ ಪಾಸ್‌ವರ್ಡ್. ಇದೇ ಆಟ 2024ರ ಆಗಸ್ಟ್‌ನಲ್ಲಿ ಕೋಡು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಸಾವಿರಾರು ಕಮೆಂಟುಗಳಲ್ಲಿ ನಡೆದಿತ್ತು. ಆ ಝಿಪ್‌ನಲ್ಲಿ ಇದ್ದದ್ದು ಲುಮ್ಮಾ ಸ್ಟೀಲರ್, ಬ್ರೌಸರಿನ ಪಾಸ್‌ವರ್ಡ್ ಕದಿಯುವ ಮಾಲ್‌ವೇರ್. ಝಿಪ್‌ಗೆ ಪಾಸ್‌ವರ್ಡ್ ಹಾಕಿದರೆ ಆಂಟಿವೈರಸ್ ಒಳಗೆ ಇಣುಕಲಾಗದು. ನಂಬರಿನ ಕಸ ನನಗೆ ಬರೀ ಕಿರಿಕಿರಿ. ಇದು ಹಾಗಲ್ಲ, ಸಹಾಯ ಕೇಳಿ ಬಂದವರ ಮನೆಗೇ ಕನ್ನ. ಕಮೆಂಟ್ ಅಳಿಸಿ, ಇಳಿಸಿಕೊಂಡಿಲ್ಲ ತಾನೇ ಅಂತ ಆಕೆಯನ್ನು ಕೇಳಿದೆ. ‘ಇಲ್ಲ ಸರ್, ಅನುಮಾನ ಬಂತು’ ಅಂದರು. ಅವರ ನಿಜವಾದ ತೊಂದರೆ ಪೈಥಾನ್ ಹಳೆಯದಾಗಿದ್ದು. ಐದು ನಿಮಿಷದ ಕೆಲಸ.

ಮೂರನೇ ವಾರ

ಎರಡು ಸಂಜೆ ನೀರುಪಾಲು. ಬಂದ ವರದಿ ನೋಡಲು ಎಷ್ಟು ಅಚ್ಚುಕಟ್ಟು ಅಂತೀರಿ! ಶೀರ್ಷಿಕೆ, ತೀವ್ರತೆ, ಮರುಸೃಷ್ಟಿಸುವ ಹಂತಗಳು, ಪರಿಹಾರ, ಎಲ್ಲ ಪಾಲಿಶ್ ಮಾಡಿದ ಇಂಗ್ಲಿಷಿನಲ್ಲಿ. ‘ಗಂಭೀರ ಬಫರ್ ಓವರ್‌ಫ್ಲೋ’ ಅಂತೆ, ಅಂದರೆ ಮೆಮೊರಿಯಲ್ಲಿ ಮೀಸಲಿಟ್ಟ ಜಾಗ ಮೀರಿ ಬರೆಯುವ ದೋಷ. ಅದರಲ್ಲಿ ಹೆಸರಿಸಿದ ಫಂಕ್ಷನ್ (ಕೋಡಿನ ಒಂದು ತುಂಡು) ಹುಡುಕಿದೆ. ನನ್ನ ಕೋಡಿನಲ್ಲಿ ಆ ಹೆಸರಿನದು ಇಲ್ಲವೇ ಇಲ್ಲ. ಯಾವ ಸಾಲು ಅಂತ ಕೇಳಿದೆ. ಕ್ಷಮೆ ಕೋರಿ ಇನ್ನೊಂದು ಫಂಕ್ಷನ್ ಹೆಸರು ಕೊಟ್ಟರು. ಅದೂ ಇಲ್ಲ. ಆಗ ಹೊಳೆಯಿತು, ಬರೆದಿದ್ದು ಯಂತ್ರ, ಅಂಟಿಸಿದ್ದು ಮನುಷ್ಯ.

ನಾನಾದರೋ ಒಬ್ಬ ಹವ್ಯಾಸಿ. ಪ್ರಪಂಚದ ಅದೆಷ್ಟೋ ಸಾಧನಗಳ ಒಳಗಿರುವ, ನೆಟ್‌ನಲ್ಲಿ ಮಾಹಿತಿ ಸಾಗಿಸುವ ಕರ್ಲ್ ಎಂಬ ತಂತ್ರಾಂಶಕ್ಕೂ ಇದೇ ಕಾಟ. ಬಗ್ ತೋರಿಸಿದವರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಅವರು 2019ರಲ್ಲಿ ಶುರು ಮಾಡಿದ್ದರು. ಯಂತ್ರ ಬರೆದ ಪೊಳ್ಳು ವರದಿಗಳಿಂದ ರೋಸಿ, ಕರ್ಲ್ ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್ 2026ರ ಜನವರಿ ಕೊನೆಗೆ ಬಹುಮಾನವನ್ನೇ ನಿಲ್ಲಿಸಿದರು. ಆಸೆ ಇಟ್ಟ ಕಡೆ ಇರುವೆ ಮುತ್ತುತ್ತದೆ. 2020ರ ಹ್ಯಾಕ್ಟೋಬರ್‌ಫೆಸ್ಟ್, ಮುಕ್ತ ಕೋಡಿಗೆ ಕೈಜೋಡಿಸುವ ಅಕ್ಟೋಬರ್ ಉತ್ಸವ, ನೆನಪಿದೆಯಾ? ನಾಲ್ಕು ಪುಲ್ ರಿಕ್ವೆಸ್ಟ್ (ಕೋಡಿಗೆ ಸೂಚಿಸುವ ತಿದ್ದುಪಡಿ) ಕಳಿಸಿದರೆ ಟಿ-ಶರ್ಟ್. ಜನ ಕಂಡಕಂಡ ಪ್ರಾಜೆಕ್ಟಿನ ಪರಿಚಯದ ರೀಡ್‌ಮಿ ಕಡತಕ್ಕೆ ‘ಅಮೇಝಿಂಗ್ ಪ್ರಾಜೆಕ್ಟ್’ ಅಂತ ಎರಡು ಪದ ಸೇರಿಸಿ ಕಳಿಸಿದ್ದೇ ಕಳಿಸಿದ್ದು. ಹೇಗೆ ಮಾಡೋದು ಅಂತ ತೋರಿಸಿದ ಒಂದು ವಿಡಿಯೋ ನಮ್ಮ ದೇಶದ್ದೇ. ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಾಗಿ, ತಾವಾಗಿ ಒಪ್ಪಿದ ರೆಪೊಗಳಿಗೆ (ಕೋಡಿನ ಕಣಜಗಳಿಗೆ) ಮಾತ್ರ ಲೆಕ್ಕ ಅಂತಾಯಿತು.

ನಾಲ್ಕನೇ ವಾರ

ಮರ್ಯಾದೆ ಹೋದ ವಾರ.

ಮಂಗಳವಾರ ಒಂದು ಇಶ್ಯೂ ಬಂತು, ಕನ್ನಡದಲ್ಲಿ. ‘ಮಾನ್ಯರೇ, ಎರಡು ಸಲ ಬರೆದೆ. ಎರಡು ಸಲವೂ ಬೀಗ ಹಾಕಿದ್ದೀರಿ. ನನ್ನಿಂದ ಏನು ತಪ್ಪಾಯಿತು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.’ ಬರೆದವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಮುಚ್ಚಿದ ಗುಡ್ಡೆ ಕೆದಕಿ ಅವರ ಮೊದಲ ವರದಿ ತೆಗೆದೆ. ಹನ್ನೊಂದು ದಿನದ ಹಿಂದಿನದು.

‘ಒಂದೇ ಕಡತ. ರ‍್ಯಾಂಕ್ ಎಂಬ ಪದ ಮೂರು ಕಡೆ ಇದೆ, ಕಣ್ಣಲ್ಲಿ ಎಣಿಸಿದ್ದೇನೆ. ನಿಮ್ಮ ಟೂಲು ಒಂದನ್ನೇ ತೋರಿಸುತ್ತದೆ. ಸಿಗದವು 14 ಮತ್ತು 52ನೇ ಸಾಲಿನವು. 14ನೇ ಸಾಲಿನಿಂದ ಕಾಪಿ ಮಾಡಿ ಹುಡುಕಿದರೆ ಆ ಎರಡೂ ಸಿಗುತ್ತವೆ, ಆದರೆ ಮೊದಲು ಸಿಕ್ಕಿದ್ದು ಮಾಯ.’

ಇಷ್ಟೇ. ಇಷ್ಟು ಚೆನ್ನಾದ ಬಗ್ ವರದಿ ನನಗೆ ಆಫೀಸಿನಲ್ಲೂ ಬಂದಿಲ್ಲ. ಏನು ಮಾಡಿದರು, ಏನಾಗಬೇಕಿತ್ತು, ಏನಾಯಿತು, ತಿರುಗಿಸಿ ನೋಡಿದರೆ ಏನು, ಎಲ್ಲ ಇದೆ. ಇದಕ್ಕೆ ನನ್ನ ಜರಡಿ ಕೊಟ್ಟಿದ್ದು: ಹೊಸ ಖಾತೆ 1, ಕಾಣದ ಅಕ್ಷರ 5. ಸ್ಪ್ಯಾಮ್!

ಕಾಣದ ಅಕ್ಷರ ಎಲ್ಲಿಂದ ಬಂತು? ‘ರ‍್ಯಾಂಕ್’ ಒಳಗೇ ಇದೆ. ರ, ಹಲಂತ, ಯ ಅಂತ ಸುಮ್ಮನೆ ಜೋಡಿಸಿದರೆ ‘ಸೂರ್ಯ’ದಲ್ಲಿ ಇರುವಂತೆ ಅರ್ಕಾವತ್ತು ಬರುತ್ತದೆ. ರ ನೆಟ್ಟಗೆ ನಿಂತು ಯ ಒತ್ತಾಗಬೇಕಾದರೆ ಮಧ್ಯೆ ಝೀರೋ ವಿಡ್ತ್ ಜಾಯ್ನರ್ ಬೇಕೇ ಬೇಕು. ಇದರ ಅಣ್ಣತಮ್ಮ ನಾನ್ ಜಾಯ್ನರ್ ಇನ್ನೂ ಮಾಮೂಲಿ. ‘ರಾಜ್‌ಕುಮಾರ್’ ಬರೆಯುವಾಗ ಕ ಹೋಗಿ ಜಕಾರದ ಕೆಳಗೆ ಕೂರದ ಹಾಗೆ ತಡೆಯುವುದು ಅದೇ. ‘ಸಾಫ್ಟ್‌ವೇರ್’ನಲ್ಲೂ ಇದೆ. ಅಂದರೆ ಕನ್ನಡದಲ್ಲಿ ಸಾಫ್ಟ್‌ವೇರ್ ಅಂತ ಬರೆದ ಯಾರೇ ಆಗಲಿ, ನನ್ನ ಕಣ್ಣಿಗೆ ಸ್ಪ್ಯಾಮರ್. ಕನ್ನಡದ ಟೂಲಿಗೆ ಕನ್ನಡ ಬಾರದ ಕಾವಲುಗಾರನನ್ನು ನಿಲ್ಲಿಸಿದ್ದೆ. ಜರಡಿಯನ್ನು ಪರೀಕ್ಷಿಸಲು ನಾನು ಬರೆದ ಮಾದರಿಗಳೆಲ್ಲ ಇಂಗ್ಲಿಷಿನವು, ಗೊತ್ತಾಗುವುದಾದರೂ ಹೇಗೆ?

ಮುಚ್ಚಿದ ಗುಡ್ಡೆಯಲ್ಲಿ 43 ಇದ್ದವು. ಒಂದೊಂದೇ ಓದಿದೆ. 5 ನಿಜವಾದವು. ಐದೂ ಕನ್ನಡದಲ್ಲಿ ಬರೆದವು. ಐವರಿಗೂ ಕ್ಷಮೆ ಕೇಳಿ ಬರೆದೆ. ಇಬ್ಬರಿಂದ ಇನ್ನೂ ಉತ್ತರವಿಲ್ಲ.

ಐದನೇ ವಾರ

ಜರಡಿ ತಿದ್ದಿದೆ. ಈ ಎರಡು ಅಕ್ಷರ ಹಲಂತದ ಪಕ್ಕದಲ್ಲಿದ್ದರೆ ಸುಮ್ಮನಿರು. ಅಂಕಿಗಳ ಮಧ್ಯೆ, ಇಂಗ್ಲಿಷ್ ಅಕ್ಷರಗಳ ಮಧ್ಯೆ ಕಂಡರೆ ಅಂಕ ಕೊಡು. ಇನ್ನೊಂದು ಬದಲಾವಣೆ: ಈಗ ಬೀಗ ಹಾಕುವುದಿಲ್ಲ. ‘ಮನುಷ್ಯರೊಬ್ಬರು ನೋಡುವವರೆಗೆ ಇದನ್ನು ತಡೆದಿದ್ದೇವೆ’ ಅಂತ ಕನ್ನಡದಲ್ಲಿ ಒಂದು ಸಾಲು ಹಾಕಿ, ನನಗೆ ಮೇಲ್ ಕಳಿಸುತ್ತದೆ.

ಇನ್ನು ಮೇಷ್ಟ್ರ ಬಗ್. ಅಕ್ಷರಗಳಿಗೆ ಸಂಕೇತ ಕೊಡುವ ಜಾಗತಿಕ ಮಾನದಂಡ ಯೂನಿಕೋಡ್ ಹೇಳುವ ಕ್ರಮ ರ, ಜಾಯ್ನರ್, ಹಲಂತ, ಯ. ಹಳೆಯ ರೂಢಿಯಲ್ಲಿ ರ, ಹಲಂತ, ಜಾಯ್ನರ್, ಯ. ಪರದೆಯ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಎರಡು ಬೇರೆ ಪದ. ಹುಡುಕುವಾಗ ಮಾತ್ರ ಕಾಣದ ಅಕ್ಷರಗಳನ್ನು ಎರಡೂ ಕಡೆಯಿಂದ ಕಿತ್ತು ಹೋಲಿಸಿದರೆ ಆಯಿತು. ಹಾಗೇ ಮಾಡಿದೆ. ಮೂರೂ ಸಿಕ್ಕಿದವು. ಆದರೆ ಸಿಕ್ಕ ಪದಕ್ಕೆ ಬಳಿಯುವ ಹಳದಿ ಬಣ್ಣ ಪಕ್ಕಕ್ಕೆ ಸರಿದು ಕೂತಿತು. ಅಕ್ಷರ ಕಿತ್ತ ಮೇಲೆ ಸಾಲು ಗಿಡ್ಡವಾಯಿತಲ್ಲ! ಪ್ರತಿ ಅಕ್ಷರ ಮೂಲದಲ್ಲಿ ಎಲ್ಲಿತ್ತು ಅಂತ ಒಂದು ಪಟ್ಟಿ ಇಟ್ಟುಕೊಂಡ ಮೇಲೆ ಸರಿಹೋಯಿತು.

ಅದೇ ಕೈಲಿ ಇನ್ನೊಂದೂ ಮುಗಿಯಿತು. ‘ಕೊ’ದ ಒತ್ವ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಎರಡು ತುಂಡಾಗಿಯೂ ಇರಬಹುದು. ಹಳೆಯ ಫಾಂಟಿನಿಂದ ಬದಲಿಸಿದ ನನ್ನ ಕೆಲವು ಕಡತಗಳಲ್ಲಿ ತುಂಡುಗಳೇ ಇದ್ದವು. ತುಂಡುಗಳನ್ನು ಕೂಡಿಸುವ ಯೂನಿಕೋಡ್ ವಿಧಾನ ಎನ್‌ಎಫ್‌ಸಿ ಬಳಸಿದರೆ ಎರಡೂ ಒಂದಾಗುತ್ತವೆ, ಒಂದೇ ಸಾಲಿನ ಕೋಡ್. ಮೊದಲೇ ಮಾಡಬೇಕಿತ್ತು.

ಮೇಷ್ಟ್ರ ಕಡತವನ್ನೇ ಟೆಸ್ಟ್ ಆಗಿ ಸೇರಿಸಿಕೊಳ್ಳಲಾ ಅಂತ ಕೇಳಿದೆ. ‘ಧಾರಾಳವಾಗಿ ಸೇರಿಸು ತಮ್ಮಾ’ ಅಂದರು. ಮಾನ್ಯರೇ ಹೋಗಿ ತಮ್ಮಾ ಬಂದಿದ್ದಕ್ಕೆ ಸಮಾಧಾನ.

ಆರನೇ ವಾರ

ನಿನ್ನೆ ರಾತ್ರಿ ಜರಡಿ ಒಂದನ್ನು ತಡೆಯಿತು. ಫೋನ್ ನಂಬರ್ 3, ಲಿಂಕ್ 2. ತೆರೆದರೆ ಮೇಷ್ಟ್ರದ್ದೇ. ಇಸವಿಗಳನ್ನು ಹುಡುಕಿದರೆ ಸಿಗುತ್ತಿಲ್ಲ ಅಂತ ಪುಟದ ಚಿತ್ರಕ್ಕೆ ಲಿಂಕ್ ಕೊಟ್ಟು ಬರೆದಿದ್ದರು: ೧೯೧೫, ೧೯೫೬, ೧೯೭೩. ಸಾಹಿತ್ಯ ಪರಿಷತ್ತು, ಏಕೀಕರಣ, ಕರ್ನಾಟಕ ಅಂತ ಹೆಸರು ಬಂದದ್ದು. ಒಟ್ಟು ಹನ್ನೆರಡು ಅಂಕಿ. ಪೈಥಾನ್‌ನ ರೆಗೆಕ್ಸ್‌ಗೆ (ಅಕ್ಷರಗಳ ಮಾದರಿ ಹುಡುಕುವ ಸೂತ್ರಕ್ಕೆ) ಕನ್ನಡದ ಅಂಕಿಯೂ ಅಂಕಿಯೇ, ಮಧ್ಯದ ಅಲ್ಪವಿರಾಮ ದಾಟಿಕೊಂಡು ಓದು ಅಂತ ನಾನೇ ಹೇಳಿಕೊಟ್ಟಿದ್ದೆ.

ತಡೆದಿದ್ದೇವೆ ಅನ್ನುವ ಸಾಲಿನ ಕೆಳಗೆ ಅವರು ಬರೆದಿದ್ದರು: ‘ನಾನೇ ತಮ್ಮಾ, ಬಾಗಿಲು ತೆಗಿ.’

ತೆಗೆದೆ. ೧೯೫೬ ಅಂದರೂ 1956 ಅಂದರೂ ಒಂದೇ ಸಿಗುವ ಹಾಗೆ ಮಾಡುವುದು ಈ ಶನಿವಾರದ ಕೆಲಸ.