‘ಬರೀ ಒಂದು ಪದಕ್ಕೆ ಇಷ್ಟು ಜಗಳವಾ?’

ಮಧ್ಯಯುಗದ ಯೂರೋಪಿನ ತರ್ಕಶಾಸ್ತ್ರ ಓದುತ್ತೇನೆ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದಿದೆ. “‘ಮನುಷ್ಯ’ ಅನ್ನೋದು ನಿಜವಾಗಿ ಇದೆಯಾ ಇಲ್ವಾ ಅಂತ ಅವರು ನೂರಾರು ವರ್ಷ ವಾದ ಮಾಡಿದ್ರಂತಲ್ಲ. ಅದು ಬರೀ ಪದಗಳ ಜಗಳ ಅಲ್ವಾ?” ನನಗಂತೂ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಶಾಲೆಯ ವ್ಯಾಕರಣ ನೆನಪಿಸಿಕೊಳ್ಳಿ. ಕಾವೇರಿ ಅಂಕಿತನಾಮ, ನದಿ ರೂಢನಾಮ. ಕಾವೇರಿ ಎಲ್ಲಿ ಅಂದರೆ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ತೋರಿಸಬಹುದು. ತುಂಗಭದ್ರೆಯನ್ನು ಹಂಪಿಯಲ್ಲಿ ತೋರಿಸಬಹುದು. ಸುಮ್ನೆ ‘ನದಿ’ಯನ್ನು ತೋರಿಸಿ ಅಂದರೆ? ಬೆರಳು ಮಾಡಿದ್ದೆಲ್ಲ ಯಾವುದೋ ಒಂದು ನದಿಯೇ ಆಗಿರುತ್ತದೆ. ಆದರೂ ‘ಕಾವೇರಿ ಒಂದು ನದಿ’ ಅನ್ನುವ ಮಾತು ನಿಜ, ‘ಕಾವೇರಿ ಒಂದು ಬೆಟ್ಟ’ ಅನ್ನುವುದು ಸುಳ್ಳು. ಹಾಗಾದರೆ ಮೊದಲನೆಯ ಮಾತು ನಿಜವಾಗಿರುವುದು ಯಾವುದರಿಂದ? ಎಲ್ಲ ನದಿಗಳಿಗೂ ಸೇರಿದ ‘ನದಿತನ’ ಅಂತ ಒಂದು ವಸ್ತು ಇದೆಯಾ? ಹೀಗೆ ಹಲವು ವಸ್ತುಗಳಿಗೆ ಒಂದೇ ಆಗಿ ಸೇರಿದ್ದನ್ನು ತರ್ಕದಲ್ಲಿ ‘ಸಾಮಾನ್ಯ’ ಅನ್ನುತ್ತಾರೆ. ಸಾಮಾನ್ಯದ ಸಮಸ್ಯೆ ಅಂದರೆ ಇದೇ.

ಮೂರನೇ ಶತಮಾನದಲ್ಲಿ ಪೋರ್ಫಿರಿ ಅನ್ನುವವನು ಅರಿಸ್ಟಾಟಲನ ತರ್ಕಕ್ಕೆ ‘ಇಸಗೋಗೆ’ ಎಂಬ ಸಣ್ಣ ಪೀಠಿಕೆ ಬರೆದ. ಇಂಥ ಸಾಮಾನ್ಯಗಳು ನಿಜವಾಗಿ ಇವೆಯೋ, ಬರೀ ನಮ್ಮ ಯೋಚನೆಯಲ್ಲಿವೆಯೋ? ಇದ್ದರೆ ಅವಕ್ಕೆ ದೇಹ ಇದೆಯೋ ಇಲ್ಲವೋ? ಕಣ್ಣಿಗೆ ಕಾಣುವ ವಸ್ತುಗಳ ಒಳಗಿವೆಯೋ, ಬೇರೆ ಎಲ್ಲೋ ಇವೆಯೋ? ಹೀಗೆ ಮೂರು ಪ್ರಶ್ನೆ ಕೇಳಿ, ಇದು ತುಂಬ ಆಳದ ವಿಷಯ, ಇಲ್ಲಿ ಬೇಡ ಎಂದು ಬಿಟ್ಟುಬಿಟ್ಟ. ಆರನೇ ಶತಮಾನದ ಶುರುವಿನಲ್ಲಿ ಬೊಯೀಥಿಯಸ್ ಆ ಪುಸ್ತಕವನ್ನು ಲ್ಯಾಟಿನ್‌ಗೆ ತಂದ. ಆಮೇಲೆ ತರ್ಕ ಕಲಿಯಲು ಕೂತವರೆಲ್ಲ ಮೊದಲ ಪುಟದಲ್ಲೇ ಉತ್ತರವಿಲ್ಲದ ಆ ಮೂರು ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಪ್ಯಾರಿಸ್ಸಿನಲ್ಲಿ ನಡೆದ ವಾದ. ಅಲ್ಲಿನ ನೋತ್ರ್ ದಾಮ್ ಶಾಲೆಯಲ್ಲಿ ಶಾಂಪೋದ ವಿಲಿಯಂ ಪಾಠ ಹೇಳುತ್ತಿದ್ದ. ಎಲ್ಲ ಮನುಷ್ಯರಲ್ಲೂ ಇರುವುದು ಒಂದೇ ತಿರುಳು, ಅದು ಪ್ರತಿಯೊಬ್ಬನಲ್ಲೂ ಪೂರ್ತಿಯಾಗಿ ಇದೆ, ಬಣ್ಣ ಎತ್ತರಗಳಂಥ ಮೇಲಿನ ಗುಣಗಳಷ್ಟೇ ಬೇರೆ ಬೇರೆ ಎಂಬುದು ಅವನ ನಿಲುವು. 1079ರಲ್ಲಿ ಹುಟ್ಟಿದ ಪೀಟರ್ ಅಬೆಲಾರ್ಡ್ ಅವನ ಶಿಷ್ಯ. ಅವನು ಎದ್ದು ಕೇಳಿದ್ದು ಇಷ್ಟು: ‘ಪ್ರಾಣಿ’ ಅನ್ನುವ ಅದೇ ತಿರುಳು ಸಾಕ್ರಟೀಸನಲ್ಲೂ ಪೂರ್ತಿ ಇದೆ, ಕತ್ತೆಯಲ್ಲೂ ಪೂರ್ತಿ ಇದೆ ಅಂದರೆ, ಒಂದೇ ವಸ್ತುವಿಗೆ ವಿವೇಕ ಇದೆ ಅಂತಲೂ ಆಯಿತು, ಇಲ್ಲ ಅಂತಲೂ ಆಯಿತು. ಅದು ಹೇಗೆ ಸಾಧ್ಯ? ವಿಲಿಯಂ ನಿಲುವು ಬದಲಿಸಬೇಕಾಯಿತು. ಆಮೇಲೆ ಗುರುವಿನ ಪಾಠಕ್ಕೆ ಬೆಲೆಯೇ ಇಲ್ಲದಂತಾಯಿತು ಎಂದು ಅಬೆಲಾರ್ಡನೇ ತನ್ನ ಆತ್ಮಕಥೆಯಂಥ ಪತ್ರದಲ್ಲಿ ಬರೆದಿದ್ದಾನೆ.

ಅಬೆಲಾರ್ಡನ ಇನ್ನೊಬ್ಬ ಗುರು ರೊಸೆಲಿನ್. ಸಾಮಾನ್ಯ ಅನ್ನುವುದು ಬಾಯಿಂದ ಹೊರಡುವ ಉಸಿರು ಅಷ್ಟೇ ಎಂಬ ವಾದ ಅವನ ಹೆಸರಿಗೆ ಅಂಟಿಕೊಂಡಿದೆ. ಇರುವುದೆಲ್ಲ ಬಿಡಿ ಬಿಡಿ ವಸ್ತುಗಳೇ ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ಒಬ್ಬನೇ ದೇವರಾಗುವುದು ಹೇಗೆ? ಆ ಗೊಂದಲಕ್ಕಾಗಿ 1092ರ ಸುಮಾರಿಗೆ ಫ್ರಾನ್ಸಿನ ಸ್ವಾಸೋಂನಲ್ಲಿ ಸೇರಿದ್ದ ಚರ್ಚಿನ ಸಭೆಯ ಮುಂದೆ ಅವನು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಬರೀ ಪದಗಳ ಜಗಳ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಘಟನೆಯನ್ನೇ.

ಅಬೆಲಾರ್ಡ್ ಇಬ್ಬರು ಗುರುಗಳ ದಾರಿಯನ್ನೂ ಬಿಟ್ಟ. ಸಾಮಾನ್ಯವಾಗಿರುವುದು ಪದ, ವಸ್ತುವಲ್ಲ ಅಂದ. ಆದರೆ ಉಸಿರಾಗಿ ಹೊರಡುವ ಸದ್ದಲ್ಲ, ಅರ್ಥ ಹೊತ್ತ ಪದ. ಇದಕ್ಕೆ ಅವನು ಕೊಟ್ಟ ಹೋಲಿಕೆ ಕಲ್ಲು ಮತ್ತು ವಿಗ್ರಹದ್ದು. ಎರಡೂ ಒಂದೇ ವಸ್ತು. ಆದರೆ ಕಲ್ಲು ದೇವರ ಸೃಷ್ಟಿ, ವಿಗ್ರಹ ಮನುಷ್ಯ ಮಾಡಿದ್ದು. ಸದ್ದು ಕಲ್ಲಿನ ಹಾಗೆ, ಪದ ವಿಗ್ರಹದ ಹಾಗೆ.

ಸರಿ, ಆ ಪದ ಸಾಕ್ರಟೀಸನಿಗೂ ಪ್ಲೇಟೋಗೂ ಹೊಂದುತ್ತದೆ, ಕತ್ತೆಗೆ ಹೊಂದುವುದಿಲ್ಲ. ಯಾಕೆ? ಇಬ್ಬರೂ ‘ಮನುಷ್ಯನಾಗಿರುವುದರಲ್ಲಿ’ ಸೇರುತ್ತಾರೆ ಅಂದ ಅಬೆಲಾರ್ಡ್. ಈ ‘ಆಗಿರುವುದು’ ಮೂರನೆಯ ವಸ್ತುವೇನಲ್ಲ. ವಸ್ತುವಲ್ಲದ್ದು ಕಾರಣವಾಗುವುದು ಹೇಗೆ? ಅವನ ಉದಾಹರಣೆ ನೋಡಿ: ಪೇಟೆಗೆ ಹೋಗಲು ಮನಸ್ಸಿಲ್ಲದ್ದಕ್ಕೆ ಒಬ್ಬನಿಗೆ ಏಟು ಬಿತ್ತು. ‘ಮನಸ್ಸಿಲ್ಲದಿರುವುದು’ ಅಂತ ಒಂದು ವಸ್ತು ಎಲ್ಲೂ ಇಲ್ಲ. ಆದರೂ ಏಟಿಗೆ ಅದೇ ಕಾರಣ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ಇದೇ ಪ್ರಶ್ನೆ ನಮ್ಮಲ್ಲಿ ತನ್ನ ಪಾಡಿಗೆ ತಾನೇ ಹುಟ್ಟಿತ್ತು. ಎಲ್ಲ ಹಸುಗಳಲ್ಲೂ ಒಂದೇ ನಿತ್ಯವಾದ ‘ಗೋತ್ವ’, ಅಂದರೆ ಹಸುತನ, ಇದೆ ಅಂದರು ನ್ಯಾಯ ದರ್ಶನದ ನೈಯಾಯಿಕರು. ಬೌದ್ಧರು ಒಪ್ಪಲಿಲ್ಲ. ಉಡುಪಿಯ ಮಧ್ವಾಚಾರ್ಯರ ಪರಂಪರೆಯೂ ಒಪ್ಪಲಿಲ್ಲ, ಹಸು ಹಸುವಿಗಿರುವ ಹೋಲಿಕೆಯೇ ಸಾಕು ಅಂದಿತು. ಅದನ್ನು ಬರೆಯಲು ಬೇರೆಯದೇ ಲೇಖನ ಬೇಕು.

ಪದಗಳ ಜಗಳ ಅನ್ನುವವರ ಮುಂದೆ ನಾನು ಕೊನೆಗೆ ಇಡುವುದು ಅಬೆಲಾರ್ಡನದೇ ಇನ್ನೊಂದು ಮಾತು. ಲೋಕದ ಗುಲಾಬಿಗಳೆಲ್ಲ ಮುಗಿದುಹೋದವು ಅಂದುಕೊಳ್ಳಿ. ಆಗ ‘ಗುಲಾಬಿ’ ಎಂದು ಕರೆಯಲು ಒಂದು ಹೂವೂ ಉಳಿದಿರುವುದಿಲ್ಲ. ಆದರೂ ಯಾರಾದರೂ ‘ಗುಲಾಬಿ ಇಲ್ಲ’ ಅಂದರೆ ನಮಗೆ ಅರ್ಥವಾಗುತ್ತದೆ. ಆ ಮಾತು ನಿಜವೂ ಆಗಿರುತ್ತದೆ.