ಟಾಟಾ ಮೊಬೈಲ್ 206ಕ್ಕೆ ಸೌಂಡ್ ಸಿಸ್ಟಮ್: ಬಾಗಿಲು, ಅರ್ಥಿಂಗ್ ಮುಗಿದವು, ಸಬ್‌ವೂಫರ್ ಬಾಕಿ

ಗಾಡಿ ವಿಜಯಪುರದ್ದು. ಟಾಟಾ ಮೊಬೈಲ್ 206 ಪಿಕಪ್ ಮಾರುಕಟ್ಟೆಗೆ ಬಂದದ್ದು 1988ರಲ್ಲಿ. 1991ರ ಟಾಟಾ ಸಿಯೆರಾ ಕಾರು ಇದರ ಚಾಸಿಯ ಮೇಲೆಯೇ ತಯಾರಾಯಿತು. ಡ್ಯಾಶ್‌ಬೋರ್ಡಿನಲ್ಲಿ ಕೆಟ್ಟು ನಿಂತ ಕ್ಯಾಸೆಟ್ ಪ್ಲೇಯರ್, ಸೀಟಿನ ಹಿಂದೆ ಎರಡು ಡಬ್ಬಾ ಸ್ಪೀಕರ್, ಬಾಗಿಲಿನಲ್ಲಿ ಏನೂ ಇಲ್ಲ. ಈಗ ಹಾಕುತ್ತಿರುವುದು ಸಿಂಗಲ್ ಡಿನ್ (ಒಂದೇ ಖಾನೆಯ) ಬ್ಲೂಟೂತ್ ಪ್ಲೇಯರ್, ಬಾಗಿಲಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್ ಜೋಡಿ (ದಪ್ಪ ದನಿಗೆ ವೂಫರ್, ತೆಳು ದನಿಗೆ ಟ್ವೀಟರ್ ಬೇರೆಬೇರೆ), ನಾಲ್ಕು ಚಾನೆಲ್ಲಿನ ಕ್ಲಾಸ್ ಡಿ ಆಂಪ್ಲಿಫೈಯರ್ (ಆಂಪ್), ಸೀಟಿನ ಹಿಂದೆ ಬೇಸ್‌ಗೆಂದು ಎಂಟು ಇಂಚಿನ ಸಬ್‌ವೂಫರ್ (ಸಬ್). ಆಂಪಿನ ಎರಡು ಚಾನೆಲ್ ಬಾಗಿಲಿಗೆ, ಉಳಿದೆರಡು ಬ್ರಿಜ್ ಮಾಡಿ, ಅಂದರೆ ಒಂದಾಗಿ ಜೋಡಿಸಿ, ಸಬ್‌ಗೆ.

ಬಾಗಿಲು

ಹಳೇ ಡೀಸೆಲ್ ಗಾಡಿಯಲ್ಲಿ ವ್ಯಾಟ್ ಏರಿಸುವ ಮೊದಲು ತಗಡಿನ ನಡುಕ ಇಳಿಸಬೇಕು. ದುಡ್ಡು ಕಡಿಮೆಯಿದ್ದರೆ ಆಂಪ್ ಬಿಟ್ಟರೂ ಪರವಾಗಿಲ್ಲ, ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಬಿಡಬೇಡಿ. ಈ ಗಾಡಿಯ ಬಾಗಿಲಿನ ಹೊರತಗಡಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಖಾಲಿ ಎಣ್ಣೆ ಡಬ್ಬಿ ಬಡಿದ ಹಾಗೆ ಕೇಳುತ್ತಿತ್ತು. ಸ್ಪೀಕರ್ ಕೂರಿಸಿದರೆ ಅದೇ ತಗಡು ತಾನೂ ಹಾಡಲು ಶುರು ಮಾಡುತ್ತದೆ.

ಡೋರ್ ಪ್ಯಾಡ್ ಬಿಚ್ಚಿದಾಗ ತಳದಲ್ಲಿ ಎರಿಮಣ್ಣಿನ ಧೂಳು ನೀರು ಕುಡಿದು ಗಟ್ಟಿಯಾಗಿ ಕೂತಿತ್ತು, ನೀರು ಇಳಿಯುವ ತೂತುಗಳೆಲ್ಲ ಬಂದ್. ಮೊದಲು ಅದನ್ನು ಕೆರೆದು ತೆಗೆದು, ತುಕ್ಕು ಉಜ್ಜಿ ಪ್ರೈಮರ್ ಹೊಡೆದದ್ದಾಯಿತು. ಆಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ 2 ಮಿ.ಮೀ. ಬ್ಯುಟೈಲ್ (ಅಂಟು ರಬ್ಬರ್) ಡ್ಯಾಂಪಿಂಗ್ ಶೀಟ್. ಇಡೀ ತಗಡು ಮುಚ್ಚಬೇಕಿಲ್ಲ. ನಡುಭಾಗದಲ್ಲಿ ಮೂರನೇ ಒಂದು ಪಾಲು ಮುಚ್ಚಿದರೂ ಗುಂಯ್‌ಗುಡುವುದು ನಿಲ್ಲುತ್ತದೆ. ಮೇಲಿನ ಫಾಯಿಲ್‌ನ ಉಬ್ಬುಗೆರೆ ಚಪ್ಪಟೆಯಾಗುವವರೆಗೆ ರೋಲರ್ ಆಡಿಸಬೇಕು, ಕೈಯಿಂದ ಒತ್ತಿದ್ದು ನಿಲ್ಲುವುದಿಲ್ಲ. ಅಗ್ಗವೆಂದು ಮಾಳಿಗೆಗೆ ಹಾಕುವ ಡಾಂಬರು ಶೀಟ್ ತರುವವರಿದ್ದಾರೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ನಿಂತ ಗಾಡಿಯಲ್ಲಿ ಅದು ಮೆತ್ತಗಾಗಿ ಗಾಜು ಏರಿಳಿಸುವ ಗ್ಲಾಸ್ ಮಷೀನಿನ ಮೇಲೆ ಜಾರುತ್ತದೆ, ವಾಸನೆ ಬೇರೆ.

ಒಳತಗಡಿನ ದೊಡ್ಡ ಕಿಂಡಿಗಳನ್ನೂ ಮುಚ್ಚಲೇಬೇಕು. ಸ್ಪೀಕರಿನ ಹಿಂಬದಿಯ ಗಾಳಿ ಆ ಕಿಂಡಿಯಿಂದ ಹೊರಬಂದು ಮುಂಬದಿಯ ಗಾಳಿಯ ಜೊತೆ ಸೇರಿತೆಂದರೆ ಬೇಸ್ ಅಲ್ಲೇ ಸತ್ತುಹೋಗುತ್ತದೆ. ಇಲ್ಲಿ 1 ಮಿ.ಮೀ. ಅಲ್ಯೂಮಿನಿಯಂ ತಗಡು ಕತ್ತರಿಸಿ, ಅಂಚಿಗೆ ಬ್ಯುಟೈಲ್ ಪಟ್ಟಿ ಕೊಟ್ಟು, ಸ್ಕ್ರೂ ಹಾಕಿದ್ದೇವೆ. ಅಂಟಿಸಿಬಿಟ್ಟರೆ ಮುಂದೆ ಗ್ಲಾಸ್ ಮಷೀನ್ ಕೈಕೊಟ್ಟಾಗ ಎಲ್ಲ ಕಿತ್ತು ಹಾಕಬೇಕಾಗುತ್ತದೆ. ತಳದ ನೀರಿನ ತೂತು ಮಾತ್ರ ತೆರೆದೇ ಇರಲಿ.

ಗಾಜು ಪೂರ್ತಿ ಇಳಿಸಿ ಅಳೆದಾಗ ಒಳತಗಡಿನಿಂದ ಗಾಜಿಗೆ 52 ಮಿ.ಮೀ. ಜಾಗ. ಸ್ಪೀಕರಿನ ಆಳ 64. ಹಾಗಾಗಿ ಸ್ಪೀಕರನ್ನು ಮುಂದಕ್ಕೆ ತರುವ 18 ಮಿ.ಮೀ. ರಿಂಗ್ ಕೊಟ್ಟರೆ ಹಿಂದೆ 6 ಮಿ.ಮೀ. ಉಳಿಯುತ್ತದೆ. ತೂತು ಕೊರೆಯುವ ಮೊದಲು ರಟ್ಟಿನ ಮಾದರಿ ಮಾಡಿ, ಹ್ಯಾಂಡಲ್ ತಿರುಗಿಸಿ ಗ್ಲಾಸ್ ಮಷೀನಿನ ತೋಳು ಎಲ್ಲೆಲ್ಲಿ ಹಾಯುತ್ತದೆ ನೋಡಿ. ಗಾಜಿಗಿಂತ ಆ ತೋಳೇ ಹೆಚ್ಚು ತೊಡಕು. ರಿಂಗ್‌ಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಒಂದು ಮಳೆಗಾಲಕ್ಕೆ ಉಬ್ಬುತ್ತದೆ. ಅಡುಗೆಮನೆ ಕಪಾಟಿಗೆ ಬಳಸುವ ಪಿವಿಸಿ ಬೋರ್ಡ್ ನೀರಿಗೆ ಜಗ್ಗುವುದಿಲ್ಲ, ಆದರೆ ಸ್ಕ್ರೂ ಹಿಡಿಯುವುದೂ ಇಲ್ಲ. ಅದಕ್ಕೆ ಎಂ5 ಬೋಲ್ಟ್ ಆರಪಾರ ಹಾಯಿಸಿ ನೈಲಾನ್ ಲಾಕ್ ನಟ್ ಬಿಗಿಯಬೇಕು.

ಕರೆಂಟು ಮತ್ತು ಅರ್ಥಿಂಗ್

ಬಾಗಿಲಿಗೆ 60 ವ್ಯಾಟಿನ ಎರಡು, ಸಬ್‌ಗೆ 180, ಒಟ್ಟು 300 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ). ಕ್ಲಾಸ್ ಡಿ ಆಂಪ್ ನೂರಕ್ಕೆ 80ರಷ್ಟು ದಕ್ಷತೆ ಕೊಟ್ಟರೆ 13.8 ವೋಲ್ಟಿನಲ್ಲಿ ಪೂರ್ತಿ ಜೋರಿಗೆ ಸುಮಾರು 27 ಆಂಪಿಯರ್ ಎಳೆಯುತ್ತದೆ. 10 ಚದರ ಮಿ.ಮೀ. ಶುದ್ಧ ತಾಮ್ರದ ವೈರ್ 4 ಮೀಟರ್ ಎಳೆದರೆ ನಷ್ಟ 0.19 ವೋಲ್ಟ್. ಮನೆ ವೈರಿಂಗಿನ 4 ಚದರ ಮಿ.ಮೀ. ಹಾಕಿದರೆ 0.46. ಕಿಟ್‌ಗಳಲ್ಲಿ ಬರುವ, ಒಳಗೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ವೈರ್ ದಪ್ಪಗೆ ಕಂಡರೂ ಮೋಸ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದನ್ನೇ ಹಾಕುವುದಾದರೆ ಒಂದು ಸೈಜ್ ದಪ್ಪದ್ದು ತನ್ನಿ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ 40 ಆಂಪಿಯರ್ ಫ್ಯೂಸ್ ಇದೆ. ಫ್ಯೂಸ್ ಇರುವುದು ವೈರ್ ಕಾಯಲಿಕ್ಕೆ. ಆಂಪಿನ ಹತ್ತಿರ ಹಾಕಿದರೆ ದಾರಿಯಲ್ಲಿ ವೈರ್ ಉಜ್ಜಿ ಶಾರ್ಟ್ ಆದಾಗ ಉಪಯೋಗಕ್ಕಿಲ್ಲ. ಎಂಜಿನ್ ಕಡೆಯಿಂದ ಒಳಬರುವ ತೂತಿಗೆ ರಬ್ಬರ್ ಗ್ರೊಮೆಟ್ ಬೇಕೇ ಬೇಕು.

ಗಾಡಿಯ ಹಳೇ ಅರ್ಥ್ ಪಟ್ಟಿ ಹಸಿರುಗಟ್ಟಿತ್ತು. ಬ್ಯಾಟರಿ ಮೈನಸ್‌ನಿಂದ ಬಾಡಿ ತಗಡಿಗೆ, ಎಂಜಿನ್‌ನಿಂದ ಬಾಡಿ ತಗಡಿಗೆ ಎರಡೂ ಪಟ್ಟಿ ಹೊಸದಾಗಿವೆ. ಆಂಪಿನ ಮೈನಸ್‌ಗೆ ಕ್ಯಾಬಿನ್ನಿನ ಹಿಂಗೋಡೆಯಲ್ಲಿ ಬಣ್ಣ ಕೆರೆದು, ಹೊಳೆಯುವ ತಗಡಿನ ಮೇಲೆ ಸ್ಟಾರ್ ವಾಷರ್ ಜೊತೆ ಎಂ8 ಬೋಲ್ಟ್, ಬಿಗಿದ ಮೇಲೆ ಮೇಲಿನಿಂದ ಬಣ್ಣ. ಸೀಟ್ ಬೋಲ್ಟಿಗೆ ಕಟ್ಟುವ ರೂಢಿ ಬಿಡಿ. ಪರೀಕ್ಷೆ ಸುಲಭ: ಜೋರಾಗಿ ಹಾಡು ಹಚ್ಚಿ, ಆಂಪಿನ ಮೈನಸ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಮೀಟರ್ ಇಡಿ. 0.1 ವೋಲ್ಟ್ ದಾಟಿದರೆ ಜೋಡಣೆ ಎಲ್ಲೋ ಸಡಿಲ.

ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗಿನ ಟಿಕ್‌ಟಿಕ್ ಕಾಟವಿಲ್ಲ. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಏರಿದರೆ ಅದು ಆಲ್ಟರ್ನೇಟರಿನದು. ಪ್ಲೇಯರಿನಿಂದ ಹಾಡು ತರುವ ಆರ್‌ಸಿಎ ಕೇಬಲ್ ಆಂಪಿನಿಂದ ಕಿತ್ತು ನೋಡಿ. ಸದ್ದು ನಿಂತರೆ ದೋಷ ಪ್ಲೇಯರಿನ ಅರ್ಥಿಂಗಿನಲ್ಲಿ ಅಥವಾ ಕೇಬಲ್ ಹೋದ ದಾರಿಯಲ್ಲಿ. ಇಲ್ಲಿ ಪವರ್ ವೈರ್ ಎಡಬದಿ, ಆರ್‌ಸಿಎ ಬಲಬದಿ. ಹೀಗಿದ್ದೂ ಕುಂಯ್ ಹೋಗದಿದ್ದರೆ ಎಂಜಿನ್ ಚಾಲೂ ಇಟ್ಟು ಬ್ಯಾಟರಿ ಮೇಲೆ ಮೀಟರನ್ನು ಎಸಿಗೆ ತಿರುಗಿಸಿ. ಅರ್ಧ ವೋಲ್ಟ್ ತೋರಿಸಿದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ, ಸದ್ದು ತಡೆಯುವ ಫಿಲ್ಟರ್ ಕೊಳ್ಳುವ ಬದಲು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಪ್ಲೇಯರಿನ ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹಳದಿ ನೇರ ಬ್ಯಾಟರಿಗೆ, ಕೆಂಪು ಕೀಗೆ, ಕಪ್ಪು ಅರ್ಥ್‌ಗೆ, ನೀಲಿ-ಬಿಳಿ ಆಂಪಿನ ರಿಮೋಟ್‌ಗೆ (ಪ್ಲೇಯರ್ ಜೊತೆ ಆಂಪನ್ನೂ ಆನ್ ಮಾಡುವ ತುದಿ). ಕೊಳ್ಳುವಾಗ ಒಂದು ನೋಡಿಕೊಳ್ಳಿ. ಅಗ್ಗದ ಪ್ಲೇಯರ್‌ಗಳಲ್ಲಿ ಎಫ್‌ಎಂ ಮಾತ್ರ ಇರುತ್ತದೆ. ಮೀಡಿಯಂ ವೇವ್ ಇಲ್ಲದಿದ್ದರೆ 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿ ಸಿಗದು. ಹಳೇ ಗಾಡಿಗೆ ಅದಿಲ್ಲದಿದ್ದರೆ ಏನು ಚೆಂದ.

ಗೇನ್

ಗೇನ್ ಎಂದರೆ ವಾಲ್ಯೂಮ್ ಅಲ್ಲ, ಪ್ಲೇಯರಿನಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಸ್ಪೀಕರ್ ವೈರ್ ಬಿಚ್ಚಿ, ಈಕ್ವಲೈಸರ್ ಸೊನ್ನೆಗೆ ತಂದು, ಪ್ಲೇಯರ್ ಮುಕ್ಕಾಲು ವಾಲ್ಯೂಮಿನಲ್ಲಿಟ್ಟು, ಆಂಪಿನ ಫಿಲ್ಟರ್ ಆಫ್ ಮಾಡಿ 50 ಹರ್ಟ್ಸ್ ಟೋನ್ ಹಾಕಬೇಕು. ಆಂಪಿನ ಸ್ಪೀಕರ್ ತುದಿಗೆ ಮೀಟರನ್ನು ಎಸಿಯಲ್ಲಿಟ್ಟು ಗೇನ್ ಏರಿಸುತ್ತ ಹೋಗಿ. ಸಾಧಾರಣ ಮೀಟರ್ ಈ ಫ್ರೀಕ್ವೆನ್ಸಿಯಲ್ಲಿ ಸರಿಯಾಗಿ ಓದುತ್ತದೆ. 60 ವ್ಯಾಟ್, 4 ಓಮ್‌ಗೆ ಗುರಿ 15.5 ವೋಲ್ಟ್, ಅಲ್ಲಿಗೆ ನಿಲ್ಲಿಸಿ. ಆಮೇಲೆ ಬಾಗಿಲಿನ ಸ್ಪೀಕರಿಗೆ 80 ಹರ್ಟ್ಸ್ ಹೈಪಾಸ್, ಅಂದರೆ ಅದಕ್ಕಿಂತ ತಗ್ಗಿನ ದನಿ ತಡೆಯುವ ಫಿಲ್ಟರ್. ಪ್ಲಸ್-ಮೈನಸ್ ಅನುಮಾನವಿದ್ದರೆ ಆಂಪಿನಿಂದ ಬಿಚ್ಚಿದ ವೂಫರ್ ವೈರಿಗೆ ಒಂದೂವರೆ ವೋಲ್ಟಿನ ಸೆಲ್ ಕ್ಷಣಕಾಲ ಮುಟ್ಟಿಸಿ, ಎರಡೂ ಬದಿಯ ಕೋನ್ ಹೊರಗೇ ಜಿಗಿಯಬೇಕು.

ಬಾಕಿ

ಸೀಟಿನ ಹಿಂದೆ ಸಬ್‌ಗೆ ತೆಳು ಪೆಟ್ಟಿಗೆ ಆಗಬೇಕು. ಸಬ್‌ನ ಎರಡು ಕಾಯಿಲ್ ತಲಾ 2 ಓಮ್, ಸಿರೀಸ್‌ನಲ್ಲಿ ಜೋಡಿಸಿ 4 ಓಮ್ ಮಾಡಬೇಕು. ಪ್ಯಾರಲಲ್ ಕೊಟ್ಟರೆ 1 ಓಮ್ ಆಗಿ ಬ್ರಿಜ್ ಮಾಡಿದ ಆಂಪ್ ಪ್ರೊಟೆಕ್ಟ್‌ಗೆ ಹೋಗಿ ತಾನೇ ಬಂದ್ ಆಗುತ್ತದೆ. ಆಂಪ್ ಈಗ ಹಿಂಗೋಡೆಗೆ ರಬ್ಬರ್ ಬುಷ್ ಮೇಲೆ ನೆಟ್ಟಗೆ ನಿಂತಿದೆ, ನೆಲದ ಕೆಸರು ಧೂಳಿನಿಂದ ದೂರ. ಟ್ವೀಟರನ್ನು ಸದ್ಯ ಡ್ಯಾಶ್‌ಬೋರ್ಡಿನ ಮೂಲೆಗೆ ಟೇಪ್ ಹಚ್ಚಿ ಇಟ್ಟಿದೆ. ಗಾಜಿನ ಕಡೆ ತಿರುಗಿಸಿದಾಗ ಕಿವಿಗೆ ಚುಚ್ಚುವುದು ಕಡಿಮೆ ಅನಿಸಿದೆ, ತೂತು ಕೊರೆಯುವ ಮೊದಲು ಇನ್ನೊಂದಷ್ಟು ಕೇಳಿ ನೋಡಬೇಕು.