ಹಾಸನಕ್ಕೆ ಎಲ್ಲಿಂದ ಬರಬೇಕು ಸೈಕ್ಲೋನು?

ಫೆಂಗಲ್ ಸೈಕ್ಲೋನ್ ಪುದುಚೇರಿ ಹತ್ತಿರ ದಡ ಮುಟ್ಟಿದ್ದು 2024ರ ನವೆಂಬರ್ 30ರ ರಾತ್ರಿ. ನೆಲಕ್ಕೆ ಬಂದ ಮೇಲೆ ಗಾಳಿಯ ಜೋರು ಇಳಿಯುತ್ತದೆ. ಮಳೆ ಹಾಗಲ್ಲ, ಮೋಡದ ಜೊತೆ ಒಳನಾಡಿಗೂ ಬರುತ್ತದೆ. ನಮ್ಮಲ್ಲಿ ಅದು ರಾಗಿ ಕೊಯ್ಲಿನ ಕಾಲ, ಸಕಲೇಶಪುರದ ಕಡೆ ಕಾಫಿ ಕಣದಲ್ಲಿ ಒಣಗುವ ಕಾಲ. ಊರಲ್ಲಿ ಮಾವ ಟಾರ್ಪಾಲು ಹಿಡಿದು ಓಡಾಡುತ್ತಿದ್ದರು. ಹಾಸನದ ನಮ್ಮ ಬಡಾವಣೆಯಲ್ಲಿ ಮಾತ್ರ ‘ಸಮುದ್ರ ಎಲ್ಲಿ, ನಾವೆಲ್ಲಿ’ ಅನ್ನೋ ಮಾತು. 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದ್ದೀವಲ್ಲ, ಆ ಧೈರ್ಯ.

ಅಮೆರಿಕದ ಆಶ್‌ವಿಲ್ ಕೂಡ ಬೆಟ್ಟದ ಊರೇ, ಕಡಲಿಂದ ನೂರಾರು ಕಿಲೋಮೀಟರ್ ದೂರ. ಅದೇ ವರ್ಷ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿತು. ಮಾರನೇ ದಿನ ಆಶ್‌ವಿಲ್‌ನ ನದಿ ಪೇಟೆಗೇ ನುಗ್ಗಿತ್ತು. ವಾರಗಟ್ಟಲೆ ನಲ್ಲಿಯಲ್ಲಿ ಕುಡಿಯೋ ನೀರಿಲ್ಲ. ಅಲ್ಲಿನ ಮಾಮೂಲಿ ಮನೆ ವಿಮೆಗೆ ಪ್ರವಾಹ ಸೇರೋದೇ ಇಲ್ಲ, ಬೇರೆಯಾಗಿ ಮಾಡಿಸಿದವರೂ ತೀರಾ ಕಡಿಮೆ.

ನಮ್ಮ ಬಡಾವಣೆಗೆ ನದಿಯ ಭಯವಿಲ್ಲ. ಆದರೆ ಮೇಲೊಂದು ಕೆರೆ ಇದೆ. ಅದು ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗೋಕೆ ಹಳ್ಳ ಒಂದಿತ್ತಂತೆ. ಈಗ ಅದು ನಮ್ಮ ಮೂರನೇ ಕ್ರಾಸ್. ಹಾಲು ಹಾಕುವ ಅಜ್ಜಿ ಹೇಳುತ್ತಾರೆ: “ನಿಮ್ಮನೆ ಇರೋ ಜಾಗದಲ್ಲೇ ನಾಟಿ ಹಾಕ್ತಿದ್ವಿ ಕಣವ್ವ, ಮೊಣಕಾಲುದ್ದ ಕೆಸರು.” ಸೈಟು ಮಾರುವಾಗ ಯಾರೂ ಇದನ್ನ ಹೇಳಲಿಲ್ಲ, ಪಾಂಪ್ಲೆಟ್‌ನಲ್ಲಿ ಬರೀ ತೆಂಗಿನಮರ ಇತ್ತು.

ಹಾಗಾಗಿ ಸೈಟು ನೋಡೋರಿಗೆ ನಾನು ವಾಸ್ತು ಬಿಡಿ, ಮೊದಲು ಗ್ರಾಮ ನಕ್ಷೆ ತೆಗೆಸಿ ಅಂತೀನಿ. ಹಳ್ಳ, ಕಾಲುವೆ, ಕೆರೆ ಎಲ್ಲ ಅದರಲ್ಲಿರುತ್ತೆ. ಫೋನಿನಲ್ಲೇ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತೆ, ಅದನ್ನ ನಕ್ಷೆಯಲ್ಲಿ ಹುಡುಕಿ ನೋಡಿ. ವಿಮೆ ವಿಷಯದಲ್ಲಿ ನಾವೇ ವಾಸಿ: 2021ರಿಂದ ಇರೋ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಚಂಡಮಾರುತ, ಪ್ರವಾಹ ಎರಡೂ ಸೇರಿವೆ. ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ, ಅಂದರೆ ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಕೊಡೋದು, ಇದ್ದರೆ ನೀರು ನುಗ್ಗಿದ ಖರ್ಚು ನಿಮ್ಮದೇ. ನೀರಲ್ಲಿ ನಿಂತ ಕಾರನ್ನ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ಎಂಜಿನ್ನೇ ಹೋಗುತ್ತೆ.

ನಮ್ಮ ಸಂಘದಲ್ಲಿ ಗಣೇಶನ ಪೆಂಡಾಲಿಗೆ ಒಂದೇ ದಿನಕ್ಕೆ ಚಂದಾ ಸೇರುತ್ತೆ. ಮೂರನೇ ಕ್ರಾಸಿನ ಮೋರಿ ಹೂಳು ತೆಗೆಸೋಕೆ ಜೆಸಿಬಿ ಬಾಡಿಗೆ ಕೇಳಿದರೆ ಎಲ್ಲರಿಗೂ ಸಮುದ್ರ ದೂರ. ಹಿಂಗಾರು ಶುರುವಾಗೋ ಮೊದಲು ಇನ್ನೊಂದು ಸಲ ಕೇಳ್ತೀನಿ. ಈ ಸಲ ಅಜ್ಜಿಯನ್ನೂ ಮೀಟಿಂಗಿಗೆ ಕರೆದಿದ್ದೀನಿ.